ಬೆಟ್ಟದ ಊರುಗಳಲ್ಲಿ ಗಣಕಯಂತ್ರದ ಬಿಸಿ ಮತ್ತು ಸದ್ದು

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಡೆಸ್ಕ್‌ಟಾಪ್ ಗಣಕಯಂತ್ರದೊಳಗೆ ಸಾಮಾನ್ಯವಾಗಿ ಎರಡು ಅಥವಾ ಮೂರು ಫ್ಯಾನ್‌ಗಳಿರುತ್ತವೆ: ಪ್ರೊಸೆಸರಿನ ಮೇಲೊಂದು, ಪವರ್ ಸಪ್ಲೈ ಪೆಟ್ಟಿಗೆಯಲ್ಲೊಂದು, ಕೆಲವೊಮ್ಮೆ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಮತ್ತೊಂದು. ಒಳಗಿನ ಬಿಸಿ ಏರಿದಂತೆ ಇವುಗಳ ವೇಗವೂ ಏರುತ್ತದೆ, ವೇಗದೊಡನೆ ಸದ್ದೂ ಏರುತ್ತದೆ. ಆದ್ದರಿಂದ ಸದ್ದನ್ನು ತಗ್ಗಿಸಬೇಕಾದರೆ ಮೊದಲು ಬಿಸಿಯನ್ನು ತಗ್ಗಿಸಬೇಕು.

ನೀಲಗಿರಿಯಲ್ಲಿ ಕನ್ನಡ ಕಲಿಸುವವರಿಗೆ ಇದು ಕ್ಷುಲ್ಲಕ ವಿಷಯವಲ್ಲ. ತಮಿಳು ಲಿಪಿಯಲ್ಲಿ ಪ, ಫ, ಬ, ಭ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಆ ಲಿಪಿಯಲ್ಲಿ ಮೊದಲು ಓದು ಕಲಿತ ಮಗು ಕನ್ನಡದ ಈ ಭೇದವನ್ನು ಕಿವಿಯಿಂದಲೇ ಹಿಡಿಯಬೇಕು. ಮಹಾಪ್ರಾಣದ ಗುರುತಾದರೋ ಸಣ್ಣದೊಂದು ಉಸಿರು. ಫ್ಯಾನಿನ ಸುಯ್ಲು ಆ ಉಸಿರನ್ನು ಸುಲಭವಾಗಿ ನುಂಗಿಬಿಡುತ್ತದೆ. ಧ್ವನಿಪಾಠ ಕೇಳಿಸುವ ಯಂತ್ರವೇ ಪಾಠವನ್ನು ಮುಚ್ಚಿಹಾಕಿದರೆ ಏನು ಪ್ರಯೋಜನ?

ಉದಕಮಂಡಲದ ಚಳಿಯಲ್ಲಿ ಗಣಕಯಂತ್ರ ಬಿಸಿಯಾಗದು ಎಂಬ ಮಾತುಂಟು. ಬೆಟ್ಟದ ಗಾಳಿ ತೆಳುವಾದ್ದರಿಂದ ಬಿಸಿಯಾಗಿಯೇ ಆಗುತ್ತದೆ ಎಂಬ ಮಾತೂ ಉಂಟು. ಎರಡೂ ಅರ್ಧಸತ್ಯಗಳು. ಸುಮಾರು 2,240 ಮೀಟರ್ ಎತ್ತರದ ಈ ಊರಿನಲ್ಲಿ ವಾಯುಭಾರವು ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಕಾಲು ಭಾಗ ಕಡಿಮೆ. ಅಷ್ಟೇ ಬಿಸಿಯನ್ನು ಹೊರಹಾಕಲು ಫ್ಯಾನ್ ಹೆಚ್ಚು ಗಾಳಿಯನ್ನು ತಳ್ಳಬೇಕಾಗುತ್ತದೆ. ಆದರೆ ಒಳಹೋಗುವ ಗಾಳಿಯೇ ತಣ್ಣಗಿರುವುದರಿಂದ ಆ ಕೊರತೆ ಬಹುಮಟ್ಟಿಗೆ ತುಂಬಿಹೋಗುತ್ತದೆ. ಆದರೂ ಯಂತ್ರ ಭೋರ್ಗರೆಯುತ್ತಿದ್ದರೆ ದೋಷ ಹವೆಯದಲ್ಲ. ಚಳಿಗೆಂದು ಮುಚ್ಚಿದ ಕಿಟಕಿ, ಮೇಜಿನಡಿಯ ರೂಮ್ ಹೀಟರ್, ಮರದ ಕಪಾಟಿನೊಳಗೆ ಕೂರಿಸಿದ ಕ್ಯಾಬಿನೆಟ್, ಅದರ ಮೇಲೆ ಹೊದಿಸಿದ ಬಟ್ಟೆ, ಇವನ್ನು ಮೊದಲು ನೋಡಬೇಕು. ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣಿನಷ್ಟಾದರೂ ತೆರವಿರಲಿ.

ಸುಮಾರು 1,000 ಮೀಟರ್ ಎತ್ತರದ ಮಸಿನಗುಡಿಯ ಕಥೆ ಬೇರೆ. ಅಲ್ಲಿ ತೆಳುಗಾಳಿಯ ತೊಂದರೆ ಅಲ್ಪ, ಒಣಗಾಡಿನ ಧೂಳಿನ ತೊಂದರೆ ಅಧಿಕ. ಪ್ರೊಸೆಸರಿನ ಮೇಲಿರುವ ಹೀಟ್‌ಸಿಂಕ್‌ನ ಲೋಹದ ಎಲೆಗಳ ನಡುವೆ ಧೂಳು ಕಂಬಳಿಯಂತೆ ಕೂರುತ್ತದೆ. ಯಂತ್ರವನ್ನು ನಿಲ್ಲಿಸಿ, ತಂತಿ ಕಿತ್ತು, ಪಕ್ಕದ ಹಲಗೆ ತೆಗೆದು, ಮೆತ್ತನೆಯ ಬ್ರಷ್ ಮತ್ತು ಬ್ಲೋವರ್‌ನಿಂದ ಶುಚಿಗೊಳಿಸಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು: ತಂತಿ ಕಿತ್ತ ಬಳಿಕವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರುತ್ತದೆ. ಹೊರಗಿನಿಂದ ಊದಿದರೆ ಸಾಕು. ದಾನವಾಗಿ ಬರುವ ಹಳೆಯ ಯಂತ್ರಗಳಲ್ಲಿ ಪ್ರೊಸೆಸರಿಗೂ ಹೀಟ್‌ಸಿಂಕ್‌ಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುವುದೇ ಹೆಚ್ಚು. ಹಳೆಯದನ್ನು ಒರೆಸಿ, ಬಟಾಣಿ ಗಾತ್ರದಷ್ಟು ಹೊಸದನ್ನು ಹಚ್ಚಿದರೆ ಎಷ್ಟೋ ಬಾರಿ ಸದ್ದು ಅಲ್ಲಿಗೇ ಅಡಗುತ್ತದೆ.

ಗೂಡಲೂರಿನಲ್ಲಿ ಮುಂಗಾರಿನ ತೇವವೇ ಶತ್ರು. ತೇವದಲ್ಲಿ ಧೂಳು ಅಂಟಾಗುತ್ತದೆ, ಕನೆಕ್ಟರ್‌ಗಳಲ್ಲಿ ಕಿಲುಬು ಹಿಡಿಯುತ್ತದೆ. ರಜೆಯಲ್ಲಿಯೂ ವಾರಕ್ಕೊಮ್ಮೆ ಯಂತ್ರವನ್ನು ಒಂದು ಗಂಟೆ ಓಡಿಸುವುದು ಒಳ್ಳೆಯದು.

ಖರ್ಚಿಲ್ಲದ ಉಪಾಯವೂ ಒಂದಿದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿದರೆ, ಅನೇಕ ಯಂತ್ರಗಳಲ್ಲಿ ಪ್ರೊಸೆಸರಿನ ಟರ್ಬೊ ವೇಗ ನಿಲ್ಲುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಲು, ಧ್ವನಿಪಾಠ ಕೇಳಿಸಲು ಆ ವೇಗದ ಅಗತ್ಯವೇ ಇಲ್ಲ. ಫ್ಯಾನಿನ ವೇಗವನ್ನು 20 ಶೇಕಡಾ ತಗ್ಗಿಸಿದರೆ ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಇದು ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ. ಆದರೆ ಬಿಸಿಯನ್ನು ಇಳಿಸದೆ ಫ್ಯಾನನ್ನಷ್ಟೇ ನಿಧಾನಗೊಳಿಸುವುದು ಸರಿಯಲ್ಲ. ಕೆಲಸದ ನಡುವೆ ಪ್ರೊಸೆಸರಿನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಚಿಂತೆಯಿಲ್ಲ.

ಸದ್ದು ಸುಯ್ಲಾಗಿರದೆ ಕರಕರ ಎನ್ನುತ್ತಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಆಗ ಫ್ಯಾನನ್ನೇ ಬದಲಾಯಿಸಬೇಕು. ಸಿದ್ಧ ಯಂತ್ರಗಳ ಕೆಲವು ತಯಾರಕರು ತಮ್ಮದೇ ಬಗೆಯ ಕನೆಕ್ಟರ್ ಬಳಸುತ್ತಾರೆ. ಅಂಗಡಿಗೆ ಹೋಗುವಾಗ ಹಳೆಯ ಫ್ಯಾನನ್ನು ಜೊತೆಗೆ ಒಯ್ದು, ಅಗಲವನ್ನೂ ಪಿನ್ನುಗಳ ಸಂಖ್ಯೆಯನ್ನೂ ಹೋಲಿಸಿಯೇ ಹೊಸದನ್ನು ಕೊಳ್ಳಬೇಕು.