ಕಾವೇರಿ ಕೊರೆದ ಕಲ್ಗುಂಡಿಗಳು

ಬೆಟ್ಟದ ನಡುವೆ ನೆಲ ಇದ್ದಕ್ಕಿದ್ದಂತೆ ಬಾಯ್ದೆರೆದು ಬಾವಿಯಂಥ ಗುಂಡಿ ಬೀಳುವುದು ಸುಣ್ಣಕಲ್ಲಿನ ಸೀಮೆಯಲ್ಲಿ ಅಪರೂಪವಲ್ಲ. ಮಳೆನೀರಿಗೆ ಸುಣ್ಣಕಲ್ಲು ಕರಗಿ, ಒಳಗೆಲ್ಲ ಪೊಳ್ಳಾಗಿ, ಕೊನೆಗೊಂದು ದಿನ ಮೇಲಿನ ಮಣ್ಣು ಕುಸಿಯುತ್ತದೆ. ಹನೂರು ತಾಲ್ಲೂಕಿನ ರಾಮಾಪುರದ ಸುತ್ತಣ ಬೆಟ್ಟಗಳು ಹಾಗೆ ಕರಗುವಂಥವಲ್ಲ. ಅಲ್ಲಿನ ಶಿಲೆ ಗಟ್ಟಿ. ಬಹುಪಾಲು 250 ಕೋಟಿ ವರ್ಷಗಳಷ್ಟು ಹಳೆಯದು. ಪಶ್ಚಿಮದ ಬಿಳಿಗಿರಿರಂಗನ ಬೆಟ್ಟದಲ್ಲಿರುವುದು ಚಾರ್ನೊಕೈಟ್. ಕಲ್ಕತ್ತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಗೋರಿಗೆ ಹಾಕಿದ್ದ ಕಲ್ಲೂ ಇದೇ ಜಾತಿಯದು. ಅದನ್ನು ಪರೀಕ್ಷಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಶಿಲೆಗೆ ಆತನ ಹೆಸರನ್ನೇ ಇಟ್ಟ. ಸತ್ತವನ ಹೆಸರು ಬೆಟ್ಟಗಳಿಗೆ ಅಂಟಿದ್ದು ಹೀಗೆ!

ಇಂಥ ಕಲ್ಲಿನಲ್ಲೂ ಗುಂಡಿಗಳಿವೆ. ಅವನ್ನು ತೋಡಿದ್ದು ಕಾವೇರಿ. ಈ ಬೆಟ್ಟಸಾಲಿನ ಉತ್ತರ, ಪೂರ್ವದ ಅಂಚನ್ನು ಬಳಸಿ ಹರಿಯುವ ನದಿ, ಅರ್ಕಾವತಿಯನ್ನು ಕೂಡಿಕೊಂಡ ಮೇಲೆ ಮೇಕೆದಾಟಿನ ಇಕ್ಕಟ್ಟಿಗೆ ನುಗ್ಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಹಾರಿ ಆಚೆ ದಡ ಸೇರಿತೆಂಬುದು ಹೆಸರಿನ ಹಿಂದಿನ ಕತೆ. ಬಂಡೆಯ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಂಡ ಬೆಣಚುಕಲ್ಲು ಪ್ರವಾಹದ ಸುಳಿಗೆ ಗಿರಗಿರನೆ ತಿರುಗುತ್ತ ತಗ್ಗನ್ನು ಅರೆಯುತ್ತದೆ. ಕಲ್ಲು ಸವೆದರೆ ಮತ್ತೊಂದು ಬಂದು ಸೇರುತ್ತದೆ. ಸಾವಿರಾರು ಮಳೆಗಾಲ ಕಳೆದಾಗ ತಗ್ಗು ಕೊಡವಾಗುತ್ತದೆ, ಕೊಡ ಬಾವಿಯಾಗುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಾಗ ಇವು ನೋಡಲು ಚೆಂದ. ಅಪಾಯವೂ ಅಲ್ಲೇ ಇದೆ. ಒಳಗೋಡೆ ಮಡಕೆಯಷ್ಟು ನುಣುಪು. ಜಾರಿ ಬಿದ್ದವರಿಗೆ ಹಿಡಿದುಕೊಳ್ಳಲು ಏನೂ ಸಿಗದು. ಮೇಕೆದಾಟಿನಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ನದಿಯ ಈ ಇಕ್ಕಟ್ಟು ಒಂದು ಕಾಲಕ್ಕೆ ರಾಜ್ಯಗಳ ಗಡಿಯೂ ಆಗಿತ್ತು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎಡದಂಡೆಯ ಕನಕಪುರ ಮೈಸೂರಿನದು. ಈಗ ಇಲ್ಲಿ ಎರಡೂ ದಂಡೆ ಕರ್ನಾಟಕದವು. ಗಡಿ ಕೆಳಕ್ಕೆ ಸರಿದಿದೆ. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವುದು ಬಿಳಿಗುಂಡ್ಲುವಿನಲ್ಲಿ. ಅಲ್ಲಿಗೆ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು.

ಮೇಕೆದಾಟಿನ ಬಳಿ 67 ಟಿಎಂಸಿ ಹಿಡಿಸುವ ಅಣೆಕಟ್ಟೆ ಕರ್ನಾಟಕದ ಯೋಜನೆ. ಅದಕ್ಕೆ ತಮಿಳುನಾಡಿನ ವಿರೋಧವಿದೆ. ಜಗಳವೆಲ್ಲ ನೀರಿನ ಲೆಕ್ಕದ್ದು. ಮುಳುಗುವ ಜಾಗದಲ್ಲಿ ಹೆಚ್ಚಿನದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಕಾಡು. ಗುಂಡಿಗಳ ಮಾತು ಯಾರೂ ಎತ್ತಿದಂತಿಲ್ಲ. ಕಲ್ಲನ್ನು ತಿರುಗಿಸುವುದು ಪ್ರವಾಹ; ಅದನ್ನು ಮೇಲೆಯೇ ತಡೆದು ನಿಲ್ಲಿಸಿದರೆ ಕೆಳಗಿನ ಗುಂಡಿಗಳಲ್ಲಿ ಅರೆಯುವ ಕೆಲಸವೂ ಬಹುಮಟ್ಟಿಗೆ ನಿಲ್ಲುತ್ತದೆ.