ಕರೆಂಟ್ ಚಿಕಿತ್ಸೆ: ಗುಣ, ದೋಷ, ಒಪ್ಪಿಗೆ

ಮನೋವೈದ್ಯರ ಬಳಿ ಹೋಗೋಣ ಎಂದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ‘ತಲಿಗೆ ಕರೆಂಟ್ ಕೊಡ್ತಾರ’ ಎಂಬ ಅಂಜಿಕೆ ಎದುರಾಗುತ್ತದೆ. ಆ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಅದರಿಂದಾಗಿ ಜೀವ ಉಳಿಸಬಲ್ಲ ಚಿಕಿತ್ಸೆಯೂ ದೂರವಾಗಬಾರದು.

ಹಿನ್ನೆಲೆ

ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಇಸಿಟಿ, 1938ರಲ್ಲಿ ರೋಮ್‌ನಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚೊ ಬಿನಿ ಅವರಿಂದ ಆರಂಭವಾಯಿತು. ಆಗ ಅರಿವಳಿಕೆ ಕೊಡುತ್ತಿರಲಿಲ್ಲ. ಸೆಳೆತದ ರಭಸಕ್ಕೆ ಬೆನ್ನುಮೂಳೆ ಮುರಿದ ರೋಗಿಗಳೂ ಇದ್ದರು. ಮಾನಸಿಕ ಕಾಯಿಲೆಗೆ ನಮ್ಮ ಭಾಗದವರಿಗೆ ಮುಂಬಯಿ ಪ್ರಾಂತದ ಕಾಲದಿಂದಲೂ ಆಸರೆಯಾಗಿದ್ದದ್ದು 1845ರಲ್ಲಿ ಶುರುವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್. ಈಗ ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲೂ ಮನೋವೈದ್ಯ ವಿಭಾಗವಿದೆ.

ಈಗಿನ ವಿಧಾನ

ರೋಗಿಗೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ ಕೆಲವೇ ಸೆಕೆಂಡು ವಿದ್ಯುತ್ ಹಾಯಿಸುತ್ತಾರೆ. ಮೆದುಳಿನಲ್ಲಿ ಸೆಳೆತ ಸುಮಾರು ಅರ್ಧ ನಿಮಿಷ ಇರುತ್ತದೆ. ವಾರಕ್ಕೆ ಎರಡು ಮೂರು ಬಾರಿಯಂತೆ ಸಾಮಾನ್ಯವಾಗಿ 6ರಿಂದ 12 ಸಲ. ಊಟ ನೀರು ಬಿಟ್ಟು ಕಲ್ಲಿನಂತೆ ಕೂತುಬಿಟ್ಟವರಿಗೆ, ಸಾಯಲೇಬೇಕೆಂಬ ಹಟದ ತೀವ್ರ ಖಿನ್ನತೆಯವರಿಗೆ ಇದು ಮಾತ್ರೆಗಳಿಗಿಂತ ಬೇಗ ಫಲ ಕೊಡುತ್ತದೆ. ಹೇಗೆ ಎಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ.

ಮರೆವಿನ ಪ್ರಶ್ನೆ

ನನ್ನ ತಕರಾರು ಇರುವುದು ಇಲ್ಲಿ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಹಲವರಲ್ಲಿ ಅಳಿಸಿಹೋಗುತ್ತದೆ. ಬಹುಪಾಲು ಮರಳುತ್ತದೆ; ಆದರೆ ಕೆಲವರಿಗೆ ತಿಂಗಳುಗಟ್ಟಲೆ ಬದುಕಿನ ಘಟನೆಗಳೇ ಶಾಶ್ವತವಾಗಿ ಕಳೆದುಹೋಗುತ್ತವೆ. ಮಗಳ ಮದುವೆಯೇ ನೆನಪಿಗೆ ಬಾರದ ತಾಯಿಗೆ ‘ಸ್ವಲ್ಪ ಮರೆವು, ಅಷ್ಟೇ’ ಎನ್ನುವುದು ಅನ್ಯಾಯ. ಒಪ್ಪಿಗೆಗೆ ಸಹಿ ಹಾಕಿಸುವ ಮೊದಲೇ ಇದನ್ನು ಅವರ ಆಡುಮಾತಿನಲ್ಲಿ ಹೇಳಬೇಕು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಔಷಧ ಮುಂದುವರಿಸದಿದ್ದರೆ ಕಾಯಿಲೆ ತಿಂಗಳುಗಳಲ್ಲೇ ಮರುಕಳಿಸುವುದು ಸಾಮಾನ್ಯ. ಸಂತೆ, ಕೂಲಿ ಬಿಟ್ಟು ಔಷಧಕ್ಕಾಗಿ ಪ್ರತಿ ಸಲ ದೂರದೂರಿಗೆ ಹೋಗಬೇಕಾದ ಕುಟುಂಬಕ್ಕೆ ಅದೇ ದೊಡ್ಡ ಹೊರೆ.

ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅರಿವಳಿಕೆ, ಸ್ನಾಯು ಸಡಿಲಿಕೆಯಿಲ್ಲದ ಇಸಿಟಿಯನ್ನು ಅದು ನಿಷೇಧಿಸಿದೆ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿಯನ್ನೇ ಕೊಡುವಂತಿಲ್ಲ. ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆಯ ಜೊತೆ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಯ ಪೂರ್ವಾನುಮತಿಯೂ ಬೇಕು. ಆದರೆ ಕಾಯಿಲೆಯ ತೀವ್ರತೆಯಲ್ಲಿ ತಾನೇ ನಿರ್ಧರಿಸಲಾಗದ ರೋಗಿಯ ಪರ ನಾಮನಿರ್ದೇಶಿತ ಪ್ರತಿನಿಧಿ ಒಪ್ಪಬಹುದು. ಆ ಪ್ರತಿನಿಧಿ ಮನೆಯವರೇ ಆಗಿರುವಾಗ ಯಾರ ಇಷ್ಟ ನಡೆಯಿತು ಎಂದು ಕೇಳಲೇಬೇಕು. ಅರಿವು ಸ್ತಿಮಿತದಲ್ಲಿರುವಾಗಲೇ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ಇದೇ ಕಾಯ್ದೆ ಕೊಟ್ಟಿದೆ. ಇದನ್ನು ಬಳಸಿಕೊಳ್ಳುವವರು ತೀರ ಕಡಿಮೆ. ಯಾರನ್ನು ಕೇಳುವುದೆಂದು ತಿಳಿಯದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ಸಲಹೆ ಕನ್ನಡದಲ್ಲೇ, ಉಚಿತವಾಗಿ ಸಿಗುತ್ತದೆ.