ಮನೆ ಹುಡುಕೋ ಮುಂಚೆ ಬಡಾವಣೆಯ ಚರಿತ್ರೆ ಗೊತ್ತಿರಲಿ



ಸಿಟಿಯೊಳಗೆ ಬಾಡಿಗೆ ಕಟ್ಟೋಕಾಗ್ತಿಲ್ಲ, ಬೋಗಾದಿ ಕಡೆ ಹೋಗೋದಾ, ಹೂಟಗಳ್ಳಿನಾ, ಶ್ರೀರಾಂಪುರನಾ ಅಂತ ನಮ್ಮ ಹುಡುಗರು ಕೇಳ್ತಾನೇ ಇರ್ತಾರೆ. ಬಸ್ಸು, ನೀರು, ಸ್ಕೂಲು ನೋಡಿ ಅಂತ ಎಲ್ಲರೂ ಹೇಳ್ತಾರೆ. ನಾನು ಚರಿತ್ರೆನೂ ನೋಡಿ ಅಂತೀನಿ. ಯಾಕಂದ್ರೆ ಊರಾಚೆ ಹೋಗೋದು ಎಲ್ಲರಿಗೂ ಒಂದೇ ಅಲ್ಲ. ನಮ್ಮ ಹಿರಿಯರು ಊರಾಚೆ ಹೋದವರಲ್ಲ, ಅವರನ್ನು ಊರಾಚೆ ಇಟ್ಟಿದ್ದರು.

ಉಳ್ಳವರು ಊರಾಚೆ ಹೊರಟಿದ್ದು ಪ್ಲೇಗಿನ ಭಯಕ್ಕೆ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. 1903ರಲ್ಲಿ ಮೈಸೂರಿಗೆ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು. ಅಗಲವಾದ ರಸ್ತೆ, ಚರಂಡಿ, ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು. ಆ ನಕ್ಷೆಯಲ್ಲಿ ನಮ್ಮವರಿಗೂ ಜಾಗ ಇತ್ತು: ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಬೇಕಿತ್ತು. ಆ ಗಲ್ಲಿಗಳು ಇವತ್ತೂ ಇವೆ, ಹೋಗಿ ನೋಡಿ.

ಹೆಸರುಗಳನ್ನೂ ಗಮನಿಸಿ. ಅವರಿಗೆ ರಾಜರ, ದಿವಾನರ ಹೆಸರಿನ ಚಾಮರಾಜಪುರಂ, ಕೃಷ್ಣಮೂರ್ತಿಪುರಂ. ನಮಗೆ ಜಾತಿ ಹೆಸರಿನ ಆದಿಕರ್ನಾಟಕಪುರ. ಅದೇ ಮುಂದೆ ಅಶೋಕಪುರಂ ಆಯ್ತು. ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪು. ಕೂಲಿ, ಓದು, ಸಂಘಟನೆ ಒಂದೇ ಕಡೆ ಬೆಳೆದವು. ತಳ್ಳಿದ ಜಾಗವನ್ನೇ ನಮ್ಮವರು ಚಳವಳಿಯ ಕೋಟೆ ಮಾಡಿಕೊಂಡರು.

ಈಗ ನಮ್ಮ ಮಕ್ಕಳು ಆ ಕೋಟೆ ಬಿಟ್ಟು ಹೊರಡ್ತಿದ್ದಾರೆ. ತಪ್ಪಲ್ಲ. ಹಳ್ಳಿ ಅನ್ನೋದು ನಮಗೆ ಸ್ವರ್ಗ ಅಲ್ಲ ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ನಿಷ್ಠುರವಾಗಿ ಹೇಳಿದ್ದರು. ಆದ್ರೆ ನಾವೀಗ ಹೋಗ್ತಿರೋ ಬಡಾವಣೆಗಳ ಅಡಿಯಲ್ಲಿ ಇರೋದು ಹಳ್ಳಿಯೇ. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಬೋರ್ಡ್ ಬದಲಾದ ತಕ್ಷಣ ಜನರ ಮನಸ್ಸು ಬದಲಾಗುತ್ತಾ?

ಇನ್ನೊಂದು ವಿಷಯ. ಸರ್ಕಾರಿ ಪ್ರಾಧಿಕಾರ ಸೈಟು ಹಂಚಿದ್ರೆ ನಮಗೆ ಮೀಸಲಾತಿ ಉಂಟು. ಖಾಸಗಿ ಲೇಔಟಿನಲ್ಲಿ ದುಡ್ಡಿದ್ದವನಿಗೆ ಸೈಟು. ಬಾಡಿಗೆ ಮನೆಯಲ್ಲಂತೂ ಅಡ್ವಾನ್ಸ್ ಎಷ್ಟು ಅನ್ನೋಕೆ ಮುಂಚೆ "ನೀವು ಯಾವ ಜನ?" ಅಂತಾರೆ. ನನಗೂ ಕೇಳಿದ್ದಾರೆ. ಹೇಳಿದ ಮೇಲೆ ಮನೆ "ನಮ್ಮ ಸಂಬಂಧಿಕರಿಗೆ ಬೇಕಂತೆ" ಆಗೋಯ್ತು. ಈಗ ಆ ಪ್ರಶ್ನೆನೇ "ಪ್ಯೂರ್ ವೆಜ್‌ಗೆ ಮಾತ್ರ" ಅಂತ ವೇಷ ಹಾಕ್ಕೊಂಡು ಬರುತ್ತೆ.

ನೆನಪಿರಲಿ: ಅಸ್ಪೃಶ್ಯತೆ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟೋಕೆ, ಕೊಳ್ಳೋಕೆ, ವಾಸ ಮಾಡೋಕೆ ಅಡ್ಡಿ ಮಾಡೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಾಗಿ ಮಾತುಕತೆಯ ಮೆಸೇಜುಗಳನ್ನು ಅಳಿಸಬೇಡಿ.

ಜಾಗ ನೋಡೋಕೆ ಹೋದಾಗ ಲೇಔಟಿಗೆ ಅನುಮೋದನೆ ಇದೆಯಾ, ಖಾತೆ ಆಗಿದೆಯಾ ನೋಡಿ. ಆಮೇಲೆ ಆ ಊರಿನ ಹಳೇ ಕೇರಿ ಎಲ್ಲಿದೆ ಕೇಳಿ, ಅಲ್ಲಿ ಒಂದು ಟೀ ಕುಡಿದು ಮಾತಾಡಿಸಿ. ಸ್ಮಶಾನಕ್ಕೆ ದಾರಿ ಇದೆಯಾ, ದೇವಸ್ಥಾನದೊಳಗೆ ಬಿಡ್ತಾರಾ, ಅವರೇ ಹೇಳ್ತಾರೆ. ಸಾಧ್ಯವಾದ್ರೆ ಎರಡು ಮೂರು ಮನೆಯವರು ಒಟ್ಟಿಗೇ ಹೋಗಿ. ಅಂಬೇಡ್ಕರ್ ಜಯಂತಿಗೆ ಅಶೋಕಪುರಂಗೆ ಬರೋದು ಬಿಡಬೇಡಿ, ಅಲ್ಲೂ ಒಂದು ಜಯಂತಿ ಶುರು ಮಾಡಿ.

ಬಾಬಾಸಾಹೇಬರ ಫೋಟೋನ ಒಳಗಿನ ರೂಮಲ್ಲಿ ಅಲ್ಲ, ಬಾಗಿಲು ತೆಗೆದ್ರೆ ಕಾಣೋ ಹಾಗೆ ಹಾಲ್‌ನಲ್ಲೇ ಹಾಕಿ.

ಜೈ ಭೀಮ್.